ಡಿವಿಡಿ ಡ್ರೈವ್ ಕೈ ಕೊಟ್ಟಿದ್ಯಾ? ಬಿಸಾಕೋ ಮುಂಚೆ ಇಷ್ಟು ನೋಡಿ

ಹೋದ ತಿಂಗಳು ಅಕ್ಕ ಫೋನ್ ಮಾಡಿದ್ಲು. "ಲೋ, ಮದುವೆ ಸಿಡಿ ಹಾಕೋಣ ಅಂದ್ರೆ ಕಂಪ್ಯೂಟರ್ ಟ್ರೇನೇ ಆಚೆ ಬರ್ತಿಲ್ಲ ಕಣೋ, ನಿಮ್ಮ ಭಾವ ಡ್ರೈವ್ ಹೊಗೆ, ಬಿಸಾಕು ಅಂತಿದಾರೆ." (ನಿಜವಾದ ಹೊಗೆ ಅಲ್ಲ ತಾನೇ ಅಂತ ಕೇಳಿ ಖಾತ್ರಿ ಮಾಡ್ಕೊಂಡೆ.) 2007ರ ಮದುವೆ ಅದು, ಮೂರು ವಿಸಿಡಿ, ಪ್ರತಿ ಡಿಸ್ಕಿನ ಮೇಲೂ ಗಂಡು-ಹೆಣ್ಣಿನ ಫೋಟೋ ಇರೋ ದುಂಡನೆ ಸ್ಟಿಕ್ಕರ್. ಭಾನುವಾರ ಹೋಗಿ ಕೂತೆ, ಸಂಜೆ ಕಾಫಿ ಹೊತ್ತಿಗೆ ಡ್ರೈವ್ ಓಡ್ತಿತ್ತು, ಖರ್ಚಾಗಿದ್ದು ಒಂದು ರಬ್ಬರ್ ಬೆಲ್ಟಿಗೆ ಮೂವತ್ತು ರೂಪಾಯಿ.

ಈಗಿನ ಕಾಲದಲ್ಲಿ ಈ ಡ್ರೈವ್‌ಗಳು ಓಡಿ ಓಡಿ ಸವೆದು ಕೆಡೋದು ಕಮ್ಮಿ, ಕೆಲಸ ಇಲ್ದೆ ಸುಮ್ನೆ ಕೂತು ಕೆಡೋದೇ ಜಾಸ್ತಿ. ವರ್ಷಗಟ್ಲೆ ಯಾರೂ ಬಟನ್ ಒತ್ತಿರಲ್ಲ, ಒಳಗೆ ಬೆಲ್ಟು ಬಿಗುವು ಕಳ್ಕೊಂಡಿರತ್ತೆ, ಗ್ರೀಸು ಗಟ್ಟಿಯಾಗಿರತ್ತೆ, ಲೆನ್ಸ್ ಮೇಲೆ ಧೂಳು ಕೂತಿರತ್ತೆ, ಮಧ್ಯೆ ಯಾರೋ ಹೊಸ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದ್ಲು ಹಾಕೋ ವೇಗದ ಡ್ರೈವ್) ಹಾಕಿ ಕೇಬಲ್ ಕಿತ್ತಿರ್ತಾರೆ, ಆಮೇಲೆ ಒಂದಿನ ಹಳೇ ಡಿಸ್ಕ್ ಹಾಕಿದಾಗ "ಡ್ರೈವ್ ಸತ್ತೋಯ್ತು" ಅಂತ ತೀರ್ಮಾನ. ಹಾಗಾಗಿ ನಿಮ್ಗೆ ಏನು ಕಾಣ್ತಿದೆಯೋ ಅಲ್ಲಿಂದ ಶುರು ಮಾಡಿ, ಪುಕ್ಕಟೆ ಆಗೋ ಕೆಲಸ ಮೊದ್ಲು, ಸ್ಕ್ರೂಡ್ರೈವರ್ ಕೊನೆಗೆ.

ಕೈ ಹಾಕೋ ಮುಂಚೆ

ಕ್ಯಾಬಿನೆಟ್ ಬಿಚ್ಚೋದಾದ್ರೆ ಶಟ್‌ಡೌನ್ ಮಾಡಿದ್ರೆ ಸಾಲ್ದು, ಪವರ್ ಕಾರ್ಡನ್ನೇ ಕಿತ್ತು ಪವರ್ ಬಟನ್ ಒಂದು ಹತ್ತು ಸೆಕೆಂಡ್ ಒತ್ತಿ ಹಿಡ್ಕೊಳ್ಳಿ, ಉಳಿದಿರೋ ಕರೆಂಟ್ ಇಳಿಯತ್ತೆ. ಆಮೇಲೆ ಕ್ಯಾಬಿನೆಟ್ಟಿನ ಬರೀ ಲೋಹದ ಭಾಗ ಒಂದ್ಸಲ ಮುಟ್ಟಿ. ಎಸ್‌ಎಂಪಿಎಸ್ ಡಬ್ಬ (ಕಂಪ್ಯೂಟರಿಗೆಲ್ಲಾ ಕರೆಂಟ್ ಹಂಚೋದು) ಮಾತ್ರ ಯಾವ ಕಾರಣಕ್ಕೂ ಬಿಚ್ಬೇಡಿ, ಪ್ಲಗ್ ತೆಗೆದ ಮೇಲೂ ಅದ್ರೊಳಗೆ ಶಾಕ್ ಹೊಡೆಯೋಷ್ಟು ಇರತ್ತೆ.

ಇನ್ನೊಂದು, ಡ್ರೈವ್ ಮುಚ್ಚಳ ತೆಗೆದು ಕರೆಂಟ್ ಕೊಟ್ಟು "ಲೇಸರ್ ಬರ್ತಿದ್ಯಾ" ಅಂತ ಬಗ್ಗಿ ನೋಡೋ ಚಟ ಕೆಲವರಿಗಿದೆ, ದಯವಿಟ್ಟು ಬೇಡ. ಸಿಡಿ ಓದೋ ಲೇಸರ್ 780 ನ್ಯಾನೋಮೀಟರ್, ಕಣ್ಣಿಗೆ ಹೆಚ್ಚೂಕಮ್ಮಿ ಕಾಣಲ್ಲ, ಕಾಣಲ್ಲ ಅಂದ್ರೆ ಇಲ್ಲ ಅಂತಲ್ಲ. ಡಿಸ್ಕ್ ಬರೆಯೋ ರೈಟರ್ ಡ್ರೈವ್ ಆದ್ರೆ ಇನ್ನೂ ಜೋರಿರತ್ತೆ. ಮುಚ್ಚಳ ಹಾಕಿರೋವರ್ಗೂ ಏನೂ ತೊಂದ್ರೆ ಇಲ್ಲ.

ಆಮೇಲೆ ಡಿಸ್ಕಲ್ಲಿ ಬಿರುಕಿದ್ರೆ, ನಡುವಿನ ತೂತಿನ ಪಕ್ಕ ಕೂದಲೆಳೆಯಷ್ಟು ಇದ್ರೂ, ಅದನ್ನ ಹಾಕ್ಬೇಡಿ. 52 ಎಕ್ಸ್ ಡ್ರೈವಲ್ಲಿ ಸಿಡಿ ನಿಮಿಷಕ್ಕೆ ಹತ್ತಿರತ್ತಿರ 10,000 ಸುತ್ತು ತಿರುಗತ್ತೆ, ಆ ವೇಗದಲ್ಲಿ ಬಿರುಕು ಬಿಟ್ಟಿದ್ದು ಚೂರುಚೂರಾಗಿ ಡ್ರೈವನ್ನೂ ಕರ್ಕೊಂಡು ಹೋಗತ್ತೆ.

ಟ್ರೇ ಆಚೆ ಬರ್ತಿಲ್ಲ

ಮೊದ್ಲು ಬಟನ್ ಒತ್ತಿ ಡ್ರೈವಿನ ಪುಟ್ಟ ಲೈಟ್ ನೋಡಿ, ಕಿವಿ ಹತ್ರ ಇಡಿ. ಲೈಟೂ ಇಲ್ಲ, ಸದ್ದೂ ಇಲ್ಲ ಅಂದ್ರೆ ಅದಕ್ಕೆ ಕರೆಂಟೇ ಹೋಗ್ತಿಲ್ಲ, ಒಳಗಿನ ಪವರ್ ಕೇಬಲ್ ನೋಡ್ಬೇಕು. ಸಾಟಾ (ಈಗಿನ ಮಾಮೂಲಿ ತೆಳು ಕೇಬಲ್ಲಿನ ಥರದ್ದು) ಡ್ರೈವಾದ್ರೆ ಅಗಲದ 15 ಪಿನ್ ಕನೆಕ್ಟರ್, ಅದಕ್ಕಿಂತ ಹಳೇದಾದ್ರೆ ದಪ್ಪ ನಾಲ್ಕು ಪಿನ್ನಿನ ಬಿಳೀದು. ಎಸ್‌ಎಂಪಿಎಸ್‌ನಿಂದ ಬರೋ ಇನ್ನೊಂದು ಖಾಲಿ ಕನೆಕ್ಟರ್ ಇದ್ರೆ ಅದನ್ನ ಹಾಕಿ ನೋಡಿ.

ಲೈಟ್ ಬರತ್ತೆ ಆದ್ರೆ ಬಟನ್ನಿಗೆ ಕ್ಯಾರೇ ಅನ್ನಲ್ಲ ಅಂದ್ರೆ ಯಾವುದೋ ಸಾಫ್ಟ್‌ವೇರ್ ಡಿಸ್ಕ್ ಹಿಡ್ಕೊಂಡಿರಬಹುದು. ದಿಸ್ ಪಿಸಿ ತೆಗೆದು ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಇಜೆಕ್ಟ್ ಕೊಡಿ. ಅದಕ್ಕೂ ಬರ್ಲಿಲ್ಲ ಅಂದ್ರೆ ರೀಸ್ಟಾರ್ಟ್ ಮಾಡಿ, ಕಂಪನಿ ಲೋಗೋ ಬರ್ತಿದ್ದ ಹಾಗೇ, ವಿಂಡೋಸ್ ಏಳೋ ಮುಂಚೆನೇ, ಬಟನ್ ಒತ್ತಿ. ಆಗ ಬಂದ್ರೆ ಡ್ರೈವ್ ಸರಿಯಾಗೇ ಇದೆ, ತಪ್ಪು ಸಾಫ್ಟ್‌ವೇರಿಂದು.

ಮೋಟರ್ ಸದ್ದು "ಝುಯ್ಞ್" ಅಂತ ಬಂದು ಟ್ರೇ ಒಂಚೂರು ಅಲ್ಲಾಡಿ ಸುಮ್ನಾಗತ್ತೆ ಅಂದ್ರೆ ಅದೇ ಅಕ್ಕನ ಮನೆ ಕೇಸು, ಬೆಲ್ಟು. ಡೆಸ್ಕ್‌ಟಾಪ್ ಡ್ರೈವ್‌ಗಳಲ್ಲಿ ಟ್ರೇ ಎಳೆಯೋದು ಒಂದು ಪುಟ್ಟ ರಬ್ಬರ್ ಬೆಲ್ಟು. ಟ್ರೇ ಒಳಗೆ ಹೋದಾಗ ಡಿಸ್ಕನ್ನ ಮೇಲಿಂದ ಒತ್ತಿ ಹಿಡಿಯೋಕೆ ಒಂದು ಅಯಸ್ಕಾಂತ ಇರತ್ತೆ, ಟ್ರೇ ತೆಗೆಯೋವಾಗ ಮೋಟರ್ ಮೊದ್ಲು ಆ ಹಿಡಿತ ಬಿಡಿಸ್ಬೇಕು, ಬೆಲ್ಟಿಗೆ ಅತಿ ಕಷ್ಟ ಆಗೋದು ಅಲ್ಲೇ, ಸಡಿಲಾದ ಬೆಲ್ಟು ಜಾರತ್ತೆ. ಇದನ್ನ ಬಿಚ್ಚದೇ ಕಂಡುಹಿಡಿಯೋಕೆ ಒಂದು ಉಪಾಯ ಇದೆ: ಖಾಲಿ ಟ್ರೇ ಮುಚ್ಚಿದಾಗ ತೆಗೆಯಲ್ಲ, ಒಳಗೆ ಡಿಸ್ಕ್ ಇದ್ದಾಗ ತೆಗೆಯತ್ತೆ ಅಂದ್ರೆ ಖಂಡಿತ ಬೆಲ್ಟೇ, ಯಾಕಂದ್ರೆ ಮಧ್ಯೆ ಡಿಸ್ಕ್ ಇದ್ರೆ ಅಯಸ್ಕಾಂತದ ಹಿಡಿತ ಅಷ್ಟು ಕಮ್ಮಿಯಾಗತ್ತೆ. ಕೆಲವರು ಇದೊಂದೇ ಕಾರಣಕ್ಕೆ ಯಾವಾಗ್ಲೂ ಒಳಗೆ ಒಂದು ಹಳೇ ಸಿಡಿ ಇಟ್ಟಿರ್ತಾರೆ, ಅದೂ ಒಂದು ದಾರೀನೇ.

ಸದ್ಯಕ್ಕೆ ಟ್ರೇ ಆಚೆ ಬರ್ಬೇಕು ಅಷ್ಟೇ ಅಂದ್ರೆ, ಕಂಪ್ಯೂಟರ್ ಆಫ್ ಮಾಡಿ (ಡಿಸ್ಕ್ ತಿರುಗ್ತಿರೋವಾಗ ಮಾಡ್ಬಾರ್ದು), ಮುಂದಿನ ಮುಖದಲ್ಲಿರೋ ಸೂಜಿತೂತಿಗೆ ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ನೇರವಾಗಿ ಒಳಗೆ ತಳ್ಳಿ. ಗುಂಡುಸೂಜಿ ಗಿಡ್ಡ, ಸಾಲಲ್ಲ. ಸ್ವಲ್ಪ ಒತ್ತಡ ಸಿಕ್ಕಿದ ಮೇಲೆ ಟ್ರೇ ಒಂದೆರಡು ಸೆಂಟಿಮೀಟರ್ ಬರತ್ತೆ, ಆಮೇಲೆ ಕೈಯಲ್ಲಿ ಮೆಲ್ಲಗೆ ಎಳೀರಿ. ಎಳೆದಾಗ ಗಟ್ಟಿಯಾಗಿ ತಡೀತು ಅಂದ್ರೆ ಡಿಸ್ಕ್ ವಾರೆ ಕೂತಿದೆ ಅಂತ, ಬಲ ಹಾಕ್ಬೇಡಿ.

ಬೆಲ್ಟ್ ಬದ್ಲಾಯಿಸೋದು ಅಂಥ ದೊಡ್ಡ ಕೆಲಸ ಏನಲ್ಲ. ತಳದ ನಾಲ್ಕು ಸ್ಕ್ರೂ ಬಿಚ್ಚಿ ತಗಡು ತೆಗೆದು, ಮುಂದಿನ ಪ್ಲಾಸ್ಟಿಕ್ ಮುಖ ಬಿಡಿಸಿದ್ರೆ ಟ್ರೇ ಕೆಳಗೆ ಎರಡು ಪುಟ್ಟ ಗಾಲಿಗೆ ಸುತ್ಕೊಂಡಿರೋ ಕಪ್ಪು ಉಂಗುರ ಕಾಣತ್ತೆ. ಅದನ್ನ ಸೋಪು ನೀರಲ್ಲಿ ತೊಳೆದು ಒಣಗಿಸಿ ಹಾಕಿದ್ರೆ ಕೆಲವು ದಿನ ಓಡತ್ತೆ, ನಾನು ಮೊದ್ಲು ಹಾಗೇ ಮಾಡಿದ್ದು, ಎರಡು ಸಲ ತೆಗೆದು ಮೂರನೇ ಸಲಕ್ಕೆ ಮತ್ತೆ ಜಾರ್ತು. ಹೊಸ ಬೆಲ್ಟು ಕಂಪ್ಯೂಟರ್ ಅಂಗಡೀಲಿ ಕೇಳಿದ್ರೆ ನಿಮ್ಮನ್ನೇ ವಿಚಿತ್ರವಾಗಿ ನೋಡ್ತಾರೆ, ಹಳೇ ಟೇಪ್‌ರೆಕಾರ್ಡರ್ ರಿಪೇರಿ ಮಾಡೋರ ಹತ್ರ ಹಳೇದನ್ನ ತೋರ್ಸಿ ಅದೇ ಅಳತೆ ಕೇಳಿ. ಬೆಲ್ಟಿಗೆ ಎಣ್ಣೆ ಮಾತ್ರ ತೋರಿಸ್ಬೇಡಿ! ಭಾವ ಆಗ್ಲೇ ಹೊಲಿಗೆ ಮಿಷನ್ ಎಣ್ಣೆ ಡಬ್ಬಿ ಹಿಡ್ಕೊಂಡು ನಿಂತಿದ್ರು.

ಲ್ಯಾಪ್‌ಟಾಪ್ ಡ್ರೈವಲ್ಲಿ ಬೆಲ್ಟೇ ಇರಲ್ಲ, ಅಲ್ಲಿ ಕೊಕ್ಕೆ ಬಿಡಿಸಿದ್ರೆ ಸ್ಪ್ರಿಂಗ್ ಒಂಚೂರು ತಳ್ಳತ್ತೆ, ಉಳಿದಿದ್ದು ನೀವೇ ಎಳೀಬೇಕು. ಹಾಗಾಗಿ ಅಲ್ಲಿ ತೆಗೆಯಲ್ಲ ಅಂದ್ರೆ ಬಟನ್ನೋ ಕೊಕ್ಕೆನೋ ಅಷ್ಟೇ.

ಟ್ರೇ ಬರತ್ತೆ, ಆದ್ರೆ ಕಂಪ್ಯೂಟರಲ್ಲಿ ಡ್ರೈವೇ ಕಾಣಲ್ಲ

ಇಲ್ಲಿ ಜನ ಎಡವೋ ಜಾಗ ಒಂದಿದೆ. "ಟ್ರೇ ಬರ್ತಿದೆ, ಲೈಟ್ ಬರ್ತಿದೆ, ಕೇಬಲ್ ಸರಿಯಾಗಿದೆ" ಅಂತಾರೆ. ಟ್ರೇ ಬಂದ್ರೆ ಗೊತ್ತಾಗೋದು ಪವರ್ ಕೇಬಲ್ ಸರಿ ಇದೆ ಅಂತ ಮಾತ್ರ, ಡೇಟಾ ಕೇಬಲ್ ಬಗ್ಗೆ ಅದು ಏನೂ ಹೇಳಲ್ಲ, ಡೇಟಾ ಕೇಬಲ್ ಕಿತ್ತಾಕಿದ್ರೂ ಟ್ರೇ ಠೀವಿಯಿಂದ ಆಚೆ ಈಚೆ ಓಡಾಡತ್ತೆ.

ಮೊದ್ಲು ಬಯಾಸ್ ನೋಡಿ, ಅಂದ್ರೆ ವಿಂಡೋಸ್ ಏಳೋ ಮುಂಚೆ ಬರೋ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ. ಆನ್ ಮಾಡಿದ ತಕ್ಷಣ ಎಫ್2 ಇಲ್ಲಾ ಡಿಲೀಟ್ ಕೀ ಒತ್ತಿದ್ರೆ ಸುಮಾರು ಮಷಿನ್‌ಗಳಲ್ಲಿ ಬರತ್ತೆ, ಅಲ್ಲಿ ಸಾಟಾ ಪಟ್ಟಿಯಲ್ಲಿ ಡ್ರೈವ್ ಇದ್ಯಾ ಅಂತ ಹುಡುಕಿ. ನೀವು ತಗೊಂಡ ಕಂಪನಿ ಹೆಸರೇ ಇರಬೇಕು ಅಂತಿಲ್ಲ, ಎಚ್‌ಎಲ್-ಡಿಟಿ-ಎಸ್‌ಟಿ ಅಂತ ಇದ್ರೆ ಅದು ಹಿಟಾಚಿ-ಎಲ್‌ಜಿ, ಟಿಎಸ್‌ಎಸ್‌ಟಿಕಾರ್ಪ್ ಅಂದ್ರೆ ತೋಷಿಬಾ-ಸ್ಯಾಮ್‌ಸಂಗ್, ಮಾತ್ಸುಶಿತಾ ಅನ್ನೋ ಥರ ಇದ್ರೆ ಪ್ಯಾನಾಸೋನಿಕ್, ವೈರಸ್ ಅಂತ ಗಾಬರಿ ಆಗ್ಬೇಡಿ. ಬಯಾಸಲ್ಲೇ ಇಲ್ಲ ಅಂದ್ರೆ ವಿಂಡೋಸ್ ಮೇಲೆ ಗಂಟೆಗಟ್ಲೆ ಕುಸ್ತಿ ಮಾಡೋದು ದಂಡ, ತೊಂದ್ರೆ ಕೇಬಲ್ಲು, ಪೋರ್ಟು, ಇಲ್ಲಾ ಡ್ರೈವು.

ಆಫ್ ಮಾಡಿ ತೆಳ್ಳಗಿನ 7 ಪಿನ್ ಸಾಟಾ ಕೇಬಲ್ ಎರಡೂ ತುದಿ ಕಿತ್ತು ಮತ್ತೆ ಹಾಕಿ. ಆಗ್ಲಿಲ್ಲ ಅಂದ್ರೆ ಬೇರೆ ಕೇಬಲ್, ಬೇರೆ ಪೋರ್ಟ್. ಬೆಂಗಳೂರಿನವರಾದ್ರೆ ಎಸ್.ಪಿ. ರೋಡಲ್ಲಿ ಈ ಕೇಬಲ್ ರಾಶಿ ರಾಶಿ ಬಿದ್ದಿರತ್ತೆ, ಬೇರೆ ಕಡೆಯವರು ಹಾರ್ಡ್ ಡಿಸ್ಕ್ ಪಕ್ಕದ್ದನ್ನೇ ಒಂದೈದು ನಿಮಿಷ ಸಾಲ ತಗೊಂಡು ನೋಡಬಹುದು. ಅಗಲ ಪಟ್ಟಿಯ 40 ಪಿನ್ ಐಡಿಇ ಡ್ರೈವ್ ಇನ್ನೂ ಇಟ್ಕೊಂಡಿರೋರು ಹಿಂದಿನ ಜಂಪರ್ (ಮಾಸ್ಟರ್ ಯಾವುದು, ಸ್ಲೇವ್ ಯಾವುದು ಅಂತ ಗೊತ್ತು ಮಾಡೋ ಪುಟ್ಟ ಪಿನ್ ಟೋಪಿ) ನೋಡಿ, ಒಂದೇ ಕೇಬಲಲ್ಲಿ ಎರಡು ಮಾಸ್ಟರ್ ಇದ್ರೆ ಜಗಳ.

ಈಚೆಗೆ ತುಂಬಾ ಜನಕ್ಕೆ ಆಗ್ತಿರೋದು ಇನ್ನೊಂದು. ಹೊಸದಾಗಿ ಎಂ.2 ಎಸ್‌ಎಸ್‌ಡಿ (ಕೇಬಲ್ ಇಲ್ದೆ ನೇರ ಮದರ್‌ಬೋರ್ಡಿಗೇ ಸಿಕ್ಕಿಸೋದು) ಹಾಕ್ಸಿರ್ತಾರೆ, ಅವತ್ತಿಂದ ಡಿವಿಡಿ ಡ್ರೈವ್ ನಾಪತ್ತೆ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಎಂ.2 ಜಾಗ ತುಂಬಿದ್ರೆ ಒಂದೋ ಎರಡೋ ಸಾಟಾ ಪೋರ್ಟ್ ತಾನಾಗೇ ಆಫ್ ಆಗತ್ತೆ, ಯಾವುದು ಅಂತ ಬೋರ್ಡ್ ಜೊತೆ ಬಂದ ಪುಸ್ತಕದಲ್ಲಿರತ್ತೆ. ಡ್ರೈವನ್ನ ಬೇರೆ ಪೋರ್ಟಿಗೆ ಹಾಕಿದ್ರೆ ಮುಗೀತು.

ಲ್ಯಾಪ್‌ಟಾಪಾದ್ರೆ ತಳದಲ್ಲಿ ಸಾಮಾನ್ಯವಾಗಿ ಒಂದೇ ಒಂದು ಸ್ಕ್ರೂ ಡ್ರೈವನ್ನ ಹಿಡ್ಕೊಂಡಿರತ್ತೆ. ಅದು ಸಡಿಲಾಗಿ ಡ್ರೈವ್ ಒಂದು ಮಿಲಿಮೀಟರ್ ಆಚೆ ಬಂದಿದ್ರೂ ಸಾಕು ಸಂಪರ್ಕ ತಪ್ಪತ್ತೆ. ಆಫ್ ಮಾಡಿ, ಬ್ಯಾಟರಿ ತೆಗೆಯೋ ಹಾಗಿದ್ರೆ ತೆಗೆದು, ಡ್ರೈವ್ ಜಾರಿಸಿ ಆಚೆ ತಂದು ಮತ್ತೆ ಒಳಗೆ ತಳ್ಳಿ ಸ್ಕ್ರೂ ಬಿಗಿ ಮಾಡಿ.

ಬಯಾಸಲ್ಲಿದೆ, ವಿಂಡೋಸಲ್ಲಿಲ್ಲ

ಈಗ ಸಾಫ್ಟ್‌ವೇರ್ ಸರದಿ. ಡಿವೈಸ್ ಮ್ಯಾನೇಜರ್ (ಕಂಪ್ಯೂಟರಿಗೆ ಜೋಡಿಸಿರೋ ಸಾಮಾನಿನ ಪಟ್ಟಿ) ತೆಗೆದು ಡ್ರೈವ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಟ್ಟು ರೀಸ್ಟಾರ್ಟ್ ಮಾಡಿ, ವಿಂಡೋಸ್ ತಾನೇ ಮತ್ತೆ ಹಾಕ್ಕೊಳ್ಳತ್ತೆ, ಇದಕ್ಕೆ ಪ್ರತ್ಯೇಕ ಡ್ರೈವರ್ ಡೌನ್‌ಲೋಡ್ ಮಾಡೋ ಅಗತ್ಯ ಇಲ್ಲ. "ಡ್ರೈವರ್ ಅಪ್‌ಡೇಟರ್" ಅಂತ ದುಡ್ಡು ಕೇಳೋ ಸಾಫ್ಟ್‌ವೇರ್ ಹತ್ರಕ್ಕೂ ಹೋಗ್ಬೇಡಿ. ಡಿವೈಸ್ ಮ್ಯಾನೇಜರಲ್ಲಿ ಸರಿಯಾಗಿದ್ದು ದಿಸ್ ಪಿಸಿಲಿ ಮಾತ್ರ ಇಲ್ಲ ಅಂದ್ರೆ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಡ್ರೈವಿಗೆ ಡಿ, ಇ ಥರ ಒಂದು ಅಕ್ಷರ ಕೊಡಿ, ಪೆನ್‌ಡ್ರೈವು ಗಿನ್‌ಡ್ರೈವು ಹಾಕಿ ತೆಗೆದು ಅಕ್ಷರ ಗೋಜಲಾಗಿರತ್ತೆ.

ಡಿವೈಸ್ ಮ್ಯಾನೇಜರಲ್ಲಿ ಹಳದಿ ಗುರುತು ಇದ್ದು ಒಳಗೆ ಕೋಡ್ 39, 41, 31, 32, 19 ಇವುಗಳಲ್ಲಿ ಯಾವುದಾದ್ರೂ ತೋರ್ಸಿದ್ರೆ, ಹಳೇ ಬರ್ನಿಂಗ್ ಸಾಫ್ಟ್‌ವೇರೋ ವರ್ಚುವಲ್ ಡ್ರೈವ್ ಸಾಫ್ಟ್‌ವೇರೋ ಹೋಗೋವಾಗ ರಿಜಿಸ್ಟ್ರಿಲಿ (ವಿಂಡೋಸ್ ತನ್ನ ಸೆಟ್ಟಿಂಗೆಲ್ಲಾ ಬರೆದಿಟ್ಕೊಳ್ಳೋ ಜಾಗ) ಕಸ ಬಿಟ್ಟು ಹೋಗಿರೋ ಸಾಧ್ಯತೆ ಜಾಸ್ತಿ. ರಿಜಿಸ್ಟ್ರಿ ಎಡಿಟರಲ್ಲಿ ಲೋಕಲ್ ಮಷಿನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್ ಅಂತ ಇಳ್ಕೊಂಡು ಹೋದ್ರೆ 4ಡಿ36ಇ965 ಅಂತ ಶುರುವಾಗೋ ಫೋಲ್ಡರ್ ಸಿಗತ್ತೆ. ಪಕ್ಕದಲ್ಲೇ ಒಂದೇ ಅಕ್ಷರ ವ್ಯತ್ಯಾಸ ಇರೋ ಅಣ್ಣತಮ್ಮಂದಿರು ಇರ್ತಾರೆ, ಅದಕ್ಕೆ ಬಲಗಡೆ ಕ್ಲಾಸ್ ಅನ್ನೋದ್ರ ಎದುರು ಸಿಡಿರಾಮ್ ಅಂತ ಇದ್ಯಾ ಅಂತ ಕಣ್ಣಾರೆ ನೋಡಿ. ಫೈಲ್ ಮೆನುವಿಂದ ಎಕ್ಸ್‌ಪೋರ್ಟ್ ಮಾಡಿ ಒಂದು ನಕಲು ಇಟ್ಕೊಂಡು, ಅಲ್ಲಿರೋ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಅನ್ನೋ ಎರಡನ್ನ ಮಾತ್ರ ಅಳಿಸಿ ರೀಸ್ಟಾರ್ಟ್ ಮಾಡಿ. ಆಮೇಲೆ ಯಾವುದಾದ್ರೂ ಬರ್ನಿಂಗ್ ಸಾಫ್ಟ್‌ವೇರ್ ಮುನಿಸ್ಕೊಂಡ್ರೆ ಅದನ್ನ ಮತ್ತೆ ಇನ್‌ಸ್ಟಾಲ್ ಮಾಡಿ. ರಿಜಿಸ್ಟ್ರಿ ಅಂದ್ರೆ ಕೈ ನಡುಗತ್ತೆ ಅನ್ನೋರು ಗೊತ್ತಿರೋರ ಹತ್ರ ಮಾಡಿಸ್ಕೊಳ್ಳಿ, ತಪ್ಪು ಜಾಗದಲ್ಲಿ ಅಳಿಸಿದ್ರೆ ಕೀಬೋರ್ಡೇ ಹೋಗಬಹುದು, ತಮಾಷೆ ಅಲ್ಲ.

ಡ್ರೈವ್ ಕಾಣತ್ತೆ, ಡಿಸ್ಕ್ ಹಾಕಿದ್ರೂ "ಡಿಸ್ಕ್ ಹಾಕಿ" ಅನ್ನತ್ತೆ

ಇಲ್ಲಿ ಮೊದಲ ಕೆಲಸ ಒಟ್ಟು ನಾಲ್ಕು ಡಿಸ್ಕ್ ಹೊಂದಿಸ್ಕೊಳ್ಳೋದು. ಅಂಗಡೀಲಿ ಕೊಂಡ ಒಂದು ಸಿಡಿ, ಕೊಂಡ ಒಂದು ಡಿವಿಡಿ, ಮನೇಲಿ ಬರ್ನ್ ಮಾಡಿದ್ದು ಒಂದು, ಮತ್ತೆ ನಿಮ್ಮ ತೊಂದ್ರೆ ಡಿಸ್ಕು. ಉಳಿದಿದ್ದೆಲ್ಲಾ ಓಡಿ ಅದೊಂದೇ ಓಡ್ಲಿಲ್ಲ ಅಂದ್ರೆ ಡ್ರೈವನ್ನ ಬಯ್ಯೋ ಹಾಗಿಲ್ಲ. ಕೊಂಡಿದ್ದು ಓಡತ್ತೆ ಬರ್ನ್ ಮಾಡಿದ್ದು ಓಡಲ್ಲ ಅಂದ್ರೆ, ಬರ್ನ್ ಮಾಡಿದ ಡಿಸ್ಕು ಬೆಳಕನ್ನ ಅಷ್ಟು ಚೆನ್ನಾಗಿ ವಾಪಸ್ ಕಳ್ಸಲ್ಲ, ಲೆನ್ಸಿಗೆ ಧೂಳು ಹಿಡಿದಿದ್ರೂ ಲೇಸರ್ ಸೊರಗಿದ್ರೂ ಮೊದ್ಲು ಕೈ ಕೊಡೋದು ಅಂಥವೇ. ಸಿಡಿ ಓದತ್ತೆ ಡಿವಿಡಿ ಓದಲ್ಲ (ಇಲ್ಲಾ ಉಲ್ಟಾ) ಅಂದ್ರೆ ಹೆಚ್ಚಾಗಿ ಲೇಸರ್ರೇ: ಸಿಡಿಗೆ 780 ನ್ಯಾನೋಮೀಟರಿಂದು, ಡಿವಿಡಿಗೆ 650ರ ಕೆಂಪು, ಎರಡೂ ಬೇರೆ ಬೇರೆ, ಒಂದು ಸತ್ತು ಇನ್ನೊಂದು ಬದುಕಿರಬಹುದು. ಬ್ಲೂ-ರೇಗೆ 405 ಬೇಕು, ಮಾಮೂಲಿ ಡಿವಿಡಿ ಡ್ರೈವಲ್ಲಿ ಅದು ಇರೋದೇ ಇಲ್ಲ, ಹಾಕಿ ಪ್ರಯೋಜನ ಇಲ್ಲ.

ಲ್ಯಾಪ್‌ಟಾಪಲ್ಲಿ ಡಿಸ್ಕನ್ನ ಸುಮ್ನೆ ಮೇಲಿಟ್ರೆ ಆಗಲ್ಲ, ನಡುವಿನ ಗುಂಡಿಗೆ "ಟಕ್" ಅನ್ನೋವರ್ಗೂ ಎರಡು ಬೆರಳಲ್ಲಿ ಒತ್ತಬೇಕು. ನಗಬೇಡಿ, ಅರ್ಧ ದೂರು ಇಲ್ಲೇ ಮುಗಿಯತ್ತೆ.

ಆಮೇಲೆ ಡಿಸ್ಕನ್ನ ಮೊಬೈಲ್ ಟಾರ್ಚಿಗೆ ಅಡ್ಡ ಹಿಡಿದು ನೋಡಿ. ಸಿಡಿಯಲ್ಲಿ ನಕ್ಷತ್ರದ ಥರ ಚುಕ್ಕೆ ಬೆಳಕು ತೂರಿ ಬಂದ್ರೆ ಅಲ್ಲಿ ಬೆಳ್ಳಿ ಪದರ ಉದುರಿದೆ, ಅಲ್ಲಿದ್ದ ಡೇಟಾ ಹೋಯ್ತು. ಎಲ್ಲರೂ ಕೆಳಗಿನ ಹೊಳೆಯೋ ಮುಖವನ್ನ ಮಗು ಥರ ನೋಡ್ಕೋತಾರೆ, ಆದ್ರೆ ಸಿಡಿಯಲ್ಲಿ ಡೇಟಾ ಇರೋದು ಮೇಲ್ಗಡೆ, ಲೇಬಲ್ಲಿನ ತೆಳು ಲೇಪದ ಕೆಳಗೇ, ಅಲ್ಲಿ ಉಗುರು ಗೀರಿದ್ರೂ ಕಥೆ ಮುಗೀತು. ಕೆಳಗಡೆ 1.2 ಮಿಲಿಮೀಟರ್ ಪ್ಲಾಸ್ಟಿಕ್ ಇದೆ, ಸಣ್ಣಪುಟ್ಟ ಗೀರು ತಡ್ಕೊಳ್ಳತ್ತೆ. ಡಿವಿಡಿಲಿ ಡೇಟಾ ನಡುವೆ ಇರತ್ತೆ, ಅದು ವಾಸಿ. ಒರೆಸೋವಾಗ ಮೆತ್ತನೆ ಹತ್ತಿ ಬಟ್ಟೆಲಿ ನಡುವಿಂದ ಅಂಚಿಗೆ ನೆಟ್ಟಗೆ ಒರೆಸಿ, ಗುಂಡಗೆ ಬೇಡ, ಯಾಕಂದ್ರೆ ಡೇಟಾ ಗೆರೆ ಗುಂಡಗೇ ಹೋಗಿರತ್ತೆ, ಅದೇ ದಾರೀಲಿ ಗೀರು ಬಿದ್ರೆ ಸರಿಪಡಿಸ್ಕೊಳ್ಳೋಕೆ ಡ್ರೈವಿಗೆ ಕಷ್ಟ.

ಎಲ್ಲಾ ಡಿಸ್ಕೂ ಇದೇ ಹಾಡು ಅಂದ್ರೆ ಲೆನ್ಸ್. ಲ್ಯಾಪ್‌ಟಾಪಲ್ಲಿ ಟ್ರೇ ಜೊತೆನೇ ಆಚೆ ಬರತ್ತೆ, ಸಾಸಿವೆಗಿಂತ ಸ್ವಲ್ಪ ದೊಡ್ಡ ಗಾಜಿನ ಹನಿ ಥರ. ಆಫ್ ಮಾಡಿ, ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ತೊಟ್ಟು ಇಯರ್‌ಬಡ್ಡಿಗೆ ಹಾಕಿ, ಹೂವಿನ ಮೇಲಿನ ನೀರು ಒರೆಸೋ ಹಾಗೆ ಒರೆಸಿ, ಒಣಗೋಕೆ ಬಿಡಿ. ಅದು ಕೂದಲಿನಂಥ ತಂತಿಗಳ ಮೇಲೆ ತೂಗಾಡ್ತಿರತ್ತೆ, ಒತ್ತಿದ್ರೆ ಮುರಿಯತ್ತೆ. ಬಾಯಲ್ಲಿ ಉಫ್ ಅಂತ ಊದ್ಬೇಡಿ, ಎಂಜಲು ಹಾರತ್ತೆ. ಇಷ್ಟಾದ್ರೂ ಓದ್ಲಿಲ್ಲ ಅಂದ್ರೆ ಲೇಸರ್ ಮುಗಿದಿದೆ, ಅದನ್ನ ಬದ್ಲಾಯಿಸೋ ಕೂಲಿಗಿಂತ ಹೊಸ ಡ್ರೈವೇ ಅಗ್ಗ, ಅಲ್ಲಿಗೆ ನಿಲ್ಲಿಸಿ.

ಫೈಲ್ ಕಾಣತ್ತೆ, ಸಿನಿಮಾ ಓಡಲ್ಲ

ಇದು ಡ್ರೈವಿನ ತಪ್ಪೇ ಅಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ಡಿವಿಡಿ ಸಿನಿಮಾ ಓಡಿಸೋದನ್ನ ವಿಂಡೋಸ್ ಜೊತೆ ಕೊಡೋದು ನಿಲ್ಲಿಸಿದ್ರು, ವಿಎಲ್‌ಸಿ ಅನ್ನೋ ಪ್ಲೇಯರ್ ಹಾಕ್ಕೊಳ್ಳಿ, ಪುಕ್ಕಟೆ. ವಿಸಿಡಿ ಆದ್ರೆ ಎಂಪೆಗ್‌ಎವಿ ಅನ್ನೋ ಫೋಲ್ಡರೊಳಗೆ ಡ್ಯಾಟ್ ಅಂತ ಕೊನೆಯಾಗೋ ದೊಡ್ಡ ಫೈಲ್ ಇರತ್ತೆ, ಅದನ್ನೇ ವಿಎಲ್‌ಸಿ ಮೇಲೆ ಎಳೆದು ಬಿಡಿ. ಹೊರದೇಶದಿಂದ ಡಿವಿಡಿ ತಂದಿದ್ರೆ ರೀಜನ್ (ಯಾವ ದೇಶದ ಡಿವಿಡಿ ಅಂತ ಹಾಕಿರೋ ನಂಬರ್) ಗಲಾಟೆ, ಇಂಡಿಯಾದ್ದು 5, ಅಮೆರಿಕದ್ದು 1. ಡ್ರೈವಲ್ಲಿ ರೀಜನ್ ಐದೇ ಸಲ ಬದ್ಲಾಯಿಸಬಹುದು, ಕೊನೆಗೆ ಎಲ್ಲಿಟ್ರೋ ಅಲ್ಲೇ ಕೂರತ್ತೆ.

ಗರ್ ಗರ್ ಸದ್ದು, ಇಡೀ ಕ್ಯಾಬಿನೆಟ್ ನಡುಗತ್ತೆ

ಒಂದೇ ಡಿಸ್ಕಿಗೆ ಹೀಗಾದ್ರೆ ಆ ಡಿಸ್ಕಿನ ತೂಕ ಒಂದು ಕಡೆ ವಾಲಿದೆ. ಅಕ್ಕನ ಎರಡನೇ ಸಿಡಿ ಹಾಕಿದಾಗ ಟೇಬಲ್ ಮೇಲಿನ ಲೋಟ ಕುಣೀತು. ತೆಗೆದು ನೋಡಿದ್ರೆ ಫೋಟೋ ಸ್ಟಿಕ್ಕರ್ ಭಾವನ ಪೇಟದ ಹತ್ರ ಎದ್ದು ಗುಳ್ಳೆ ಬಂದಿತ್ತು. ಕಿತ್ತಾಕೋಣ ಅನ್ಸತ್ತೆ, ದಯವಿಟ್ಟು ಕೀಳ್ಬೇಡಿ, ಸ್ಟಿಕ್ಕರ್ ಜೊತೆ ಬೆಳ್ಳಿ ಪದರನೂ ಎದ್ದು ಬರತ್ತೆ, ಡೇಟಾ ಇರೋದೇ ಅಲ್ಲಿ. ಎದ್ದಿರೋ ಅಂಚನ್ನ ಬೆರಳಲ್ಲಿ ಮೆಲ್ಲಗೆ ಒತ್ತಿ ಕೂರ್ಸಿ. ಎಲ್ಲಾ ಡಿಸ್ಕಿಗೂ ಸದ್ದು ಬಂದ್ರೆ ಮೊದ್ಲು ಡ್ರೈವಿನ ಪಕ್ಕದ ಸ್ಕ್ರೂ ಬಿಗಿ ಮಾಡಿ. ಒಳಗೆ ಚೂರು ಉರುಳಾಡೋ ಸದ್ದು, ಸುಟ್ಟ ವಾಸನೆ, ಇಲ್ಲಾ ಡ್ರೈವ್ ಹಾಕಿದ್ರೆ ಕಂಪ್ಯೂಟರೇ ಆಫ್ ಆಗೋದು, ಇವು ಮೂರರಲ್ಲಿ ಒಂದಿದ್ರೂ ಪ್ಲಗ್ ಕಿತ್ತು ಅಂಗಡಿಗೆ ಒಯ್ಯಿರಿ.

ಯುಎಸ್‌ಬಿ ಡ್ರೈವ್ ಬಂದು ಬಂದು ಹೋಗತ್ತೆ

ಕರೆಂಟ್ ಸಾಲ್ತಿಲ್ಲ. ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪಿಯರ್, ಡಿಸ್ಕ್ ತಿರುಗೋಕೆ ಶುರುವಾದಾಗ ಡ್ರೈವ್ ಅದಕ್ಕಿಂತ ಜಾಸ್ತಿ ಕೇಳತ್ತೆ. ಹಬ್ ತೆಗೀರಿ, ಡೆಸ್ಕ್‌ಟಾಪಲ್ಲಿ ಮುಂದಿನ ಪೋರ್ಟ್ ಬಿಟ್ಟು ಹಿಂದಿಂದಕ್ಕೆ ಹಾಕಿ, ನೀಲಿ ಬಣ್ಣದ 3.0 ಇದ್ರೆ ಇನ್ನೂ ಒಳ್ಳೇದು. ಎರಡು ತಲೆ ಕೇಬಲ್ ಕೊಟ್ಟಿದ್ರೆ ಎರಡನ್ನೂ ಹಾಕೋಕೇ ಕೊಟ್ಟಿರೋದು.

ಓಡಿತು ಅಂದ್ರೆ ಅವತ್ತೇ ಕಾಪಿ ಮಾಡಿ

ಡ್ರೈವ್ ಒಂದ್ಸಲ ಎದ್ದು ಕೂತ್ರೆ ಮೊದ್ಲು ಡಿಸ್ಕಲ್ಲಿರೋದನ್ನ ಹಾರ್ಡ್ ಡಿಸ್ಕಿಗೆ ಇಳ್ಸಿ, ನೋಡೋದು ಆಮೇಲೆ. ಮಧ್ಯೆ "ಸೈಕ್ಲಿಕ್ ರಿಡಂಡೆನ್ಸಿ" ಅಂತ ಎರರ್ ಬಂದ್ರೆ ಡಿಸ್ಕಿನ ಆ ಜಾಗ ಓದೋಕೆ ಆಗ್ತಿಲ್ಲ ಅಂತ. ಒರೆಸಿ ಮತ್ತೆ ಹಾಕಿ, ಆಗ್ಲಿಲ್ಲ ಅಂದ್ರೆ ಬೇರೆಯವರ ಡ್ರೈವಲ್ಲಿ ಹಾಕಿ ನೋಡಿ, ಒಂದು ಡ್ರೈವ್ ಮುಖ ತಿರುಗಿಸಿದ ಡಿಸ್ಕನ್ನ ಇನ್ನೊಂದು ಆರಾಮಾಗಿ ಓದೋದುಂಟು. ಡಿಸ್ಕ್ ಬರೆಯೋದು ನಡುವಿಂದ ಅಂಚಿಗೆ, ಅದಕ್ಕೆ ಬೆರಳಚ್ಚು, ಗೀರು, ಸ್ಟಿಕ್ಕರ್ ಏಳೋದು ಎಲ್ಲದರ ಪೆಟ್ಟೂ ಬೀಳೋದು ಕೊನೇ ಭಾಗಕ್ಕೇ. ಅಕ್ಕನ ಎರಡನೇ ಸಿಡಿಲಿ ಕೊನೇ ಆರು ನಿಮಿಷ ಧಾರೆ. ಅವಳ ಡ್ರೈವ್ ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಕೊಡ್ತು, ಡಿಸ್ಕನ್ನ ಮನೆಗೆ ತಂದು ನನ್ನ ಹಳೇ ಲ್ಯಾಪ್‌ಟಾಪಿಗೆ ಹಾಕ್ದೆ, ಇಪ್ಪತ್ತು ನಿಮಿಷ ಗೊಣಗಾಡಿ ಕೊನೆಗೂ ಕಾಪಿ ಆಯ್ತು. ಗಟ್ಟಿಮೇಳದ ಹೊತ್ತಿಗೆ ಎರಡು ಕಡೆ ಪಿಕ್ಚರ್ ಚೌಕ ಚೌಕ ಒಡೆಯತ್ತೆ, ಅಕ್ಕ ಅದು ಅಕ್ಷತೆ ಬಿದ್ದಿದ್ದು ಅಂದ್ಕೊಂಡಿದಾಳೆ, ನಾನೂ ಹೇಳೋಕೆ ಹೋಗಿಲ್ಲ.